ಮೊಟ್ಟೆಗಳ ನಡುವೆ ಕತ್ತರಿಯವರು

ಬೆನ್ನುನೋವು ಎಂಬ ಕಾಯಿಲೆ ಈ ಲೋಕದಲ್ಲಿ ಇದೆಯೆಂದು ಕತ್ತರಿಯವರು ನಂಬಿರಲಿಲ್ಲ. ದೆವ್ವ, ಪುಗಸಟ್ಟೆ ಊಟ, ಅತ್ತೆಮನೆಯವರ ಪ್ರೀತಿ, ಇವುಗಳ ಸಾಲಿಗೆ ಅದನ್ನೂ ಸೇರಿಸಿಬಿಟ್ಟಿದ್ದರು. ನೀರು ಸರಬರಾಜು ಕಚೇರಿಯ ಹಾಜರಿ ವಿಭಾಗದಲ್ಲಿ ಕೂತು ಸಹೋದ್ಯೋಗಿಗಳ ರಜೆ ಅರ್ಜಿ ಓದುವುದು ಅವರ ಉದ್ಯೋಗ. ಓದುವುದು ಎಂದರೆ ತಪ್ಪಾದೀತು, ಕತ್ತರಿಸುವುದು. ಮೂರು ದಿನ ಕೇಳಿದವನಿಗೆ ಒಂದು, ಒಂದು ಕೇಳಿದವನಿಗೆ ಅರ್ಧ, ಅರ್ಧ ಕೇಳಿದವನಿಗೆ ಉಪದೇಶ. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದು, ಕಚೇರಿಗೆಲ್ಲ ಅವರು ಕತ್ತರಿ ಆಗಿದ್ದರು.

ಯಾರಾದರೂ ಸೊಂಟ ಹಿಡಿದುಕೊಂಡು ಅವರ ಕಿಟಕಿಯ ಮುಂದೆ ನಿಂತರೆ ಸಾಕು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ನೋವು ಅಂತೀರಿ, ಇಲ್ಲೀವರೆಗೆ ನಡ್ಕೊಂಡು ಬಂದಿರಲ್ಲ?" ಎಂದು ಕೇಳುತ್ತಿದ್ದರು. ಕೇಳಿ, ಉತ್ತರಕ್ಕೆ ಕಾಯದೆ ಅರ್ಜಿಯನ್ನು ವಾಪಸು ತಳ್ಳುತ್ತಿದ್ದರು. ನಡೆಯಲಾರದೆ ಮನೆಯಲ್ಲಿ ಮಲಗಿದವರಿಗೆ, ಖುದ್ದಾಗಿ ಬಂದು ಅರ್ಜಿ ಕೊಡಲಿ ಎಂದು ಹೇಳಿ ಕಳಿಸುತ್ತಿದ್ದರು. ಬಂದವನು ನಡೆದು ಕೆಟ್ಟ, ಬಾರದವನು ಮಲಗಿ ಕೆಟ್ಟ. ಪಕ್ಕದ ಮೇಜಿನ ಟೈಪಿಸ್ಟಮ್ಮ ಒಮ್ಮೆ ನಿಜಕ್ಕೂ ಬೆನ್ನು ಹಿಡಿದುಕೊಂಡು, ರಜೆ ಸಿಗದೆ, ಒಂದು ವಾರ ನಿಂತೇ ಟೈಪು ಮಾಡಿದರು. ಆಗಲೂ ಕತ್ತರಿಯವರು, ಬೆರಳು ಎಷ್ಟು ಚುರುಕಾಗಿ ಓಡುತ್ತಿದೆ ನೋಡಿ, ನೋವಿದ್ದರೆ ಹೀಗೆ ಓಡುತ್ತಿತ್ತೇ ಎಂದು ಎಲ್ಲರೆದುರು ಹೊಗಳಿದ್ದರು.

ಇಷ್ಟು ಸೇವೆ ಮಾಡಿದ ಮೇಲೆ ಫಲ ಬೇಡವೇ? ಸೂಪರಿಂಟೆಂಡೆಂಟರ ಕುರ್ಚಿ ಖಾಲಿಯಾಗುವುದರಲ್ಲಿತ್ತು. ಅದು ಕತ್ತರಿಯವರಿಗೇ ಎಂದು ಮ್ಯಾನೇಜರು ಬಾಯಲ್ಲಿ ಹೇಳಿಯಾಗಿತ್ತು, ಆದೇಶಕ್ಕೆ ಸಹಿ ಬೀಳುವುದೊಂದೇ ಬಾಕಿ. ಕತ್ತರಿಯವರು ಆ ಕುರ್ಚಿಗೆ ಹಾಕಲು ದಿಂಬು ಹೊಲಿಸಿ ಇಟ್ಟುಕೊಂಡಿದ್ದರು.

ಇಂಥ ಹೊತ್ತಿನಲ್ಲಿ ಅವರ ಬುದ್ಧಿ ಕೆಡಿಸಿದವನು ಷಡ್ಡಕ. ಹೆಂಡತಿಯ ಅಕ್ಕನ ಗಂಡ, ಚಪ್ಪಲಿ ಅಂಗಡಿಯ ಮಾಲೀಕ. ಕಡಲತೀರದ ಪಕ್ಷಿಧಾಮಕ್ಕೆ ಹೋಗಿ ಬಂದವನು ಸುಮ್ಮನಿರಬಾರದೇ? ಹಕ್ಕಿಗಳ ಮುಂದೆ ನಿಂತು ತೆಗೆಸಿಕೊಂಡ ಫೋಟೊಗೆ ಚೌಕಟ್ಟು ಹಾಕಿಸಿ ಅತ್ತೆಮನೆಯ ಹಜಾರದಲ್ಲಿ ನೇತುಹಾಕಿದ್ದ. ಆ ಫೋಟೊದಲ್ಲಿ ಷಡ್ಡಕ ಎಮ್ಮೆಯಷ್ಟು ಕಾಣುತ್ತಿದ್ದ, ಹಕ್ಕಿಗಳು ಎಳ್ಳು ಕಾಳಿನಷ್ಟು. ಆದರೂ ಅತ್ತೆ ಬಂದುಹೋಗುವವರಿಗೆಲ್ಲ ಅದನ್ನು ತೋರಿಸಿ, ನಮ್ಮ ದೊಡ್ಡ ಅಳಿಯ ಹಕ್ಕಿ ಅಂದರೆ ಪ್ರಾಣ ಬಿಡುತ್ತಾನೆ ಎನ್ನುತ್ತಿದ್ದರು. ದೊಡ್ಡ ಅಳಿಯ ಪ್ರಾಣ ಬಿಡುವುದಕ್ಕೆ ಕತ್ತರಿಯವರ ಅಭ್ಯಂತರವೇನೂ ಇರಲಿಲ್ಲ. ಗೋಡೆಯ ಮೇಲೆ ಅವನಿದ್ದು ತಾವಿಲ್ಲದಿರುವುದನ್ನು ಮಾತ್ರ ಸಹಿಸಲಾಗಲಿಲ್ಲ. ಹಕ್ಕಿಯ ಕಣ್ಣು ಕಾಣುವಷ್ಟು ಹತ್ತಿರದಿಂದ ಒಂದು ಫೋಟೊ ತೆಗೆಸಿಕೊಂಡು, ಷಡ್ಡಕನ ಫೋಟೊದ ಪಕ್ಕದಲ್ಲೇ, ಒಂದು ಗೇಣು ಮೇಲಕ್ಕೆ, ಮೊಳೆ ಹೊಡೆಯಬೇಕೆಂದು ತೀರ್ಮಾನಿಸಿದರು.

ಪಕ್ಷಿಧಾಮದವರು ಜನರನ್ನು ಒಳಗೆ ಬಿಡುತ್ತಿದ್ದದ್ದು ಕೆಲಸದ ದಿನಗಳಲ್ಲಿ ಮಾತ್ರ. ಬೇಲಿಯೇ ಎದ್ದು ಹೊಲ ಮೇಯುವ ಪ್ರಸಂಗ ಹೀಗೆ ಒದಗಿತು. ಪರಿಚಯದ ಹಲ್ಲಿನ ಡಾಕ್ಟರೊಬ್ಬರು ಕತ್ತರಿಯವರ ಬೆನ್ನಿನ ಬಗ್ಗೆ ಸರ್ಟಿಫಿಕೇಟು ಬರೆದುಕೊಟ್ಟರು: ನಿಲ್ಲುವಂತಿಲ್ಲ, ಕೈ ಎತ್ತುವಂತಿಲ್ಲ, ಬಿಸಿಲಿಗೆ ಹೋಗುವಂತಿಲ್ಲ. ಮ್ಯಾನೇಜರು ಪಾಪ ಎಂದುಕೊಂಡು ಒಪ್ಪಿಕೊಂಡರು. ಖುದ್ದಾಗಿ ಬಂದು ಅರ್ಜಿ ಕೊಡುವ ನಿಯಮ ನೆನಪಿಸಬೇಕಾದವರೇ ಮಲಗಿದ್ದರಿಂದ ಅದನ್ನು ಯಾರೂ ನೆನಪಿಸಲಿಲ್ಲ.

ಪಕ್ಷಿಧಾಮದ ಬಾಗಿಲಲ್ಲಿ ಕೊರಳಿಗೆ ಸೀಟಿ ಕಟ್ಟಿಕೊಂಡಿದ್ದ ಗೈಡಮ್ಮ ಬಂದವರಿಗೆಲ್ಲ ಒಂದೊಂದು ಉದ್ದನೆಯ ಕೋಲು ಹಂಚಿದರು. ಕೋಲಿನ ತುದಿಗೆ ಕೆಂಪು ಬಟ್ಟೆ. ಕತ್ತರಿಯವರು, ಕೋಲು ಮುದುಕರಿಗೆ ಇರಲಿ ಎಂದು ನಿರಾಕರಿಸಿದರು.

"ಮುದುಕರಿಗಲ್ಲ ಸರ್, ತಲೆ ಇರೋರಿಗೆ," ಎಂದರು ಗೈಡಮ್ಮ. "ಈ ಹಕ್ಕಿಗಳು ರೀವ ಅಂತ. ಮೈ ಬೆಳ್ಳಗೆ, ತಲೆ ಮೇಲೆ ಕರೀ ಟೋಪಿ. ಬರೀ ಮರಳಿನ ಮೇಲೆ ಮೊಟ್ಟೆ ಇಡ್ತವೆ. ಹತ್ತಿರ ಯಾರು ಬಂದ್ರೂ, ಎಲ್ಲಕ್ಕಿಂತ ಎತ್ತರ ಏನಿರುತ್ತೋ ಅದನ್ನ ಕುಕ್ತವೆ. ಕೋಲು ಎತ್ತಿ ಹಿಡಿದ್ರೆ ಬಟ್ಟೆ ಕುಕ್ತವೆ. ಇಳಿಸಿದ್ರೆ ಏನು ಕುಕ್ತವೆ ಅಂತ ನೀವೇ ಯೋಚನೆ ಮಾಡಿ."

ಕತ್ತರಿಯವರು ಯೋಚನೆ ಮಾಡಿ ಕೋಲು ತೆಗೆದುಕೊಂಡರು. ದಾರಿಯ ಎರಡೂ ಬದಿಗೆ ಹಗ್ಗ ಕಟ್ಟಿದ್ದರು. ಹಗ್ಗ ದಾಟಬಾರದು, ಮೊಟ್ಟೆ ಥೇಟ್ ಕಲ್ಲಿನ ಹಾಗೇ ಇರುತ್ತದೆ, ತುಳಿದ ಮೇಲೆಯೇ ಗೊತ್ತಾಗುವುದು ಎಂದು ಗೈಡಮ್ಮ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡರು. ಆದರೆ ನಿಯಮ ಎನ್ನುವುದು ಕಿಟಕಿಯ ಆಚೆ ನಿಂತವರಿಗೆ ಎಂದು ಇಪ್ಪತ್ತು ವರ್ಷದಿಂದ ತಿಳಿದುಕೊಂಡಿದ್ದವರಿಗೆ ಅದು ಹೇಗೆ ನಾಟಬೇಕು? ಹಗ್ಗದ ಆಚೆ, ಎಡಕ್ಕೆ, ಹಕ್ಕಿಗಳಿಲ್ಲದ ಒಂದು ಮೂಲೆ ಅವರ ಕಣ್ಣಿಗೆ ಬಿತ್ತು. ಅಲ್ಲಿ ನಿಂತರೆ ಬೆನ್ನ ಹಿಂದೆಯೇ ಹಕ್ಕಿಗಳ ಸಂತೆ. ಗೈಡಮ್ಮ ಬಲಗಡೆ ಏನನ್ನೋ ತೋರಿಸುತ್ತಿದ್ದಾಗ ಫೋನನ್ನು ಜೊತೆಗೆ ಬಂದಿದ್ದ ಹೆಂಡತಿಯ ಕೈಗೆ ತುರುಕಿ, ಹಗ್ಗದ ಕೆಳಗೆ ನುಸುಳಿ, ದಾಪುಗಾಲು ಹಾಕಿ ನಡೆದು, ತಿರುಗಿ ನಿಂತು, ಕೋಲು ಎತ್ತಿ ಹಿಡಿದು ನಕ್ಕರು.

ಹೆಂಡತಿ ಎಲ್ಲಿ ಒತ್ತಬೇಕು ಎಂದು ಹುಡುಕುತ್ತಿದ್ದಾಗ ಸೀಟಿ ಕಿವಿ ಕಿತ್ತುಹೋಗುವ ಹಾಗೆ ಕೂಗಿತು.

"ಅಲ್ಲೇ ನಿಲ್ಲಿ! ಕಾಲು ಎತ್ತಬೇಡಿ!"

ಕತ್ತರಿಯವರು ಕೆಳಗೆ ನೋಡಿದರು. ಇಷ್ಟು ಹೊತ್ತು ಕಲ್ಲು ಎಂದುಕೊಂಡಿದ್ದಕ್ಕೆ ಕಂದು ಚುಕ್ಕೆಗಳಿದ್ದವು. ಎಡ ಹಿಮ್ಮಡಿಗೆ ಒಂದು ಒರಗಿಕೊಂಡಿತ್ತು, ಎರಡೂ ಬೂಟುಗಳ ನಡುವೆ ಎರಡು, ಮುಂದೆ ಒಂದು ಹಿಡಿ, ಹಿಂದೆ ಎಷ್ಟೋ. ಬಂದ ಹಾಗೇ ವಾಪಸು ಬರುತ್ತೇನೆ ಎಂದು ಅವರು ಕೂಗಿ ಹೇಳಿದರು. ಗೈಡಮ್ಮ ಒಪ್ಪಲಿಲ್ಲ. "ನೋಡದೆ ಹೋದ್ರಿ, ಅದಕ್ಕೆ ಬಚಾವಾಯ್ತು. ಈಗ ನೋಡ್ಕೊಂಡು ಬರೋಕೆ ಹೋದ್ರೆ ಖಂಡಿತ ತುಳೀತೀರಿ," ಎಂದರು. ಈ ಮಾತಿನಲ್ಲಿ ತರ್ಕವಿದೆಯೇ ಎಂದು ಕತ್ತರಿಯವರು ಹುಡುಕುತ್ತಿದ್ದಂತೆ ಮೊದಲನೆಯ ಹಕ್ಕಿ ಬಂದು ಕೆಂಪು ಬಟ್ಟೆಯನ್ನು ಕುಕ್ಕಿ, ಅವರ ಹೆಗಲ ಮೇಲೆ ಹಿಕ್ಕೆ ಹಾಕಿ ಹೋಯಿತು.

ಧಾಮದ ದೊಡ್ಡ ಸಾಹೇಬರು ಟೋಪಿ ಸರಿಮಾಡಿಕೊಳ್ಳುತ್ತ ಬಂದರು. ಹಗ್ಗದ ಈಚೆ ಭದ್ರವಾಗಿ ನಿಂತು ಕಾನೂನು ವಿವರಿಸಿದರು. ಒಂದು ಮೊಟ್ಟೆ ಒಡೆದರೂ ಕೇಸು. ಒಡೆದವರು ನೌಕರಿಯಲ್ಲಿದ್ದರೆ ಅವರ ಕಚೇರಿಗೂ ಪತ್ರ ಹೋಗುತ್ತದೆ. ಮೊಟ್ಟೆ ಇರುವ ಜಾಗಕ್ಕೆ ಕಾಲಿಡಲು, ಇಟ್ಟ ಕಾಲನ್ನು ಹೊರಗೆ ತರಿಸಲು ಅಧಿಕಾರ ಇರುವುದು ಮೊಟ್ಟೆ ವಿಭಾಗದ ಅಧಿಕಾರಿಗೆ ಮಾತ್ರ. ಆ ಅಧಿಕಾರಿ ರಜೆಯ ಮೇಲಿದ್ದಾರೆ.

"ಫೋನ್ ಮಾಡಿ," ಎಂದರು ಕತ್ತರಿಯವರು, ಮೇಲೆತ್ತಿದ ಕೈ ಬದಲಿಸುತ್ತ.

"ಗಂಟಲುಬೇನೆ ಕಣ್ರೀ ಅವರಿಗೆ. ಮಾತಾಡಲೇಬಾರದು ಅಂತ ಡಾಕ್ಟರು ಹೇಳಿದಾರೆ. ಮಾತಾಡಬಾರದು ಅಂದ್ಮೇಲೆ ಫೋನ್ ಎತ್ತಿ ಏನ್ ಮಾಡ್ತಾರೆ?"

ಗಂಟಲುಬೇನೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇಕ್ಕಟ್ಟಿನಲ್ಲೂ ಕತ್ತರಿಯವರ ಬೆರಳುಗಳು ಗಾಳಿಯಲ್ಲೇ ಒಂದು ಅರ್ಜಿಯನ್ನು ಹಿಂದಕ್ಕೆ ತಳ್ಳಿದವು. ಅಷ್ಟರಲ್ಲಿ ಸಾಹೇಬರು ಹೆಸರು, ಉದ್ಯೋಗ ಕೇಳಿದರು. ಕಚೇರಿಗೆ ಪತ್ರ, ಮ್ಯಾನೇಜರ ಮುಖ, ದಿಂಬು ಹಾಕದ ಕುರ್ಚಿ, ಎಲ್ಲವೂ ಕತ್ತರಿಯವರ ಕಣ್ಣಮುಂದೆ ಸುಳಿದವು. ಅವರು ಕರ್ಚೀಫನ್ನು ಮೂಗಿನವರೆಗೆ ಎಳೆದು ಕಟ್ಟಿಕೊಂಡು, ಗಟ್ಟಿಯಾಗಿ ಷಡ್ಡಕನ ಹೆಸರು ಹೇಳಿದರು. ಉದ್ಯೋಗ, ಚಪ್ಪಲಿ ವ್ಯಾಪಾರ.

ಹೆಂಡತಿ ಹಗ್ಗದ ಹತ್ತಿರಕ್ಕೆ ಬಂದರು. ಸಾಹೇಬರು ಅವರತ್ತ ತಿರುಗಿ, ತಾವು ಇವರಿಗೆ ಏನಾಗಬೇಕು ಎಂದು ಕೇಳಿದರು.

"ನಾದಿನಿ," ಎಂದರು ಹೆಂಡತಿ. "ಇವರು ನಮ್ಮಕ್ಕನ ಗಂಡ. ಏನ್ ಭಾವ, ಆರಾಮಾ?"

ಅಲ್ಲಿಂದ ಮುಂದೆ ಆ ತಾಯಿ ಬಾಯಿ ತೆರೆದಾಗಲೆಲ್ಲ ಭಾವ. ಭಾವ, ಕೈ ನೋಯ್ತಿದೆಯಾ? ಭಾವ, ನಾನು ನೆರಳಲ್ಲಿ ಕೂತ್ಕೊಳ್ಲಾ? ಭಾವ, ನಮ್ಮನೆಯವರಿಗೂ ಬರೋಕೆ ಹೇಳ್ತಿದ್ದೆ, ಪಾಪ ಬೆನ್ನುನೋವು ಅಂತ ಮಲಗಿದಾರೆ. ಮದುವೆಯಾದಾಗಿನಿಂದ ಕೂಡಿಟ್ಟುಕೊಂಡಿದ್ದನ್ನೆಲ್ಲ ಅವರು ಆ ಒಂದು ಪದದಲ್ಲಿ ತೀರಿಸಿಕೊಳ್ಳುತ್ತಿರುವಂತಿತ್ತು. ಕತ್ತರಿಯವರಿಗೆ ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಎರಡನೆಯ ತಂಡ ಬಂತು. ದಾರಿಯಲ್ಲಿ ಎದುರಾಗುವ ಎಲ್ಲವನ್ನೂ ವಿವರಿಸುವುದು ಗೈಡಮ್ಮನ ಕರ್ತವ್ಯ. ಹಾಗಾಗಿ ಬಲಗಡೆ ಹಕ್ಕಿಗಳನ್ನೂ ಎಡಗಡೆ ಕತ್ತರಿಯವರನ್ನೂ ತೋರಿಸಿದರು. ಜನ ಎಡಕ್ಕೇ ಹೆಚ್ಚು ಹೊತ್ತು ನೋಡಿದರು. ಒಬ್ಬ ಟೀಚರಮ್ಮನಿಗೆ ಕನಿಕರ ಹುಟ್ಟಿ, ಇವರಿಗೆ ಒಂದೆರಡು ಬಿಸ್ಕತ್ತು ಎಸೆಯಲೇ ಎಂದು ಕೇಳಿದರು. ಧಾಮದೊಳಗೆ ಯಾವ ಜೀವಿಗೂ ತಿನಿಸು ಎಸೆಯುವಂತಿಲ್ಲ ಎಂದು ಗೈಡಮ್ಮ ಬೋರ್ಡು ತೋರಿಸಿದರು. ಮೂರನೆಯ ತಂಡದವರು ಬಾಗಿಲಲ್ಲೇ, ನಿಂತಿರೋ ಮನುಷ್ಯ ಇನ್ನೂ ಇದ್ದಾನೆ ತಾನೇ ಎಂದು ಖಾತ್ರಿ ಮಾಡಿಕೊಂಡು ಟಿಕೆಟು ಕೊಂಡರು. ಟಿಕೆಟಿನ ಸಾಲು ರಸ್ತೆಗೆ ಬಂತು. ಸಾಲಿನ ಹಿಂದೆ ಟೀವಿಯವರು ಬಂದರು.

ಟೀವಿಯವನಿಗೆ ಕಾಲು ಎತ್ತಲಾಗದೆ ನಿಂತವನು ಬೇಕಿರಲಿಲ್ಲ, ಕಾಲು ಎತ್ತದೆ ನಿಂತವನು ಬೇಕಾಗಿತ್ತು. ಹುಟ್ಟಲಿರುವ ಮರಿಗಳಿಗಾಗಿ ಸುಡುಬಿಸಿಲಲ್ಲಿ ಕೈ ಎತ್ತಿ ಕಾವಲು ನಿಂತ ಚಪ್ಪಲಿ ವ್ಯಾಪಾರಿ ಎಂದು ಅವನು ಗದ್ಗದನಾಗಿ ಹೇಳಿದ. ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನು ಬಡಿದುಕೊಂಡಿತು. ಅತ್ತೆ. ಧ್ವನಿ ಎಷ್ಟು ದೊಡ್ಡದೆಂದರೆ ಮೊಟ್ಟೆಗಳ ನಡುವೆ ನಿಂತವರಿಗೂ ಕೇಳಿಸಿತು.

"ಟೀವಿ ನೋಡಿದ್ಯೇನೇ? ದೊಡ್ಡ ಅಳಿಯ ಹಕ್ಕಿ ಮೊಟ್ಟೆಗೋಸ್ಕರ ಜೀವ ತೇಯ್ತಾ ಇದಾನೆ. ನಿನ್ನ ಗಂಡ ಏನ್ ಮಾಡ್ತಿದಾನೆ, ಬೆನ್ನುನೋವು ಅಂತ ಬಿದ್ಕೊಂಡಿದಾನಾ?"

"ಹೂಂ ಅಮ್ಮ," ಎಂದರು ಹೆಂಡತಿ. "ಅವರ ಹಣೇಬರ."

ಇನ್ನು ಷಡ್ಡಕನೋ, ತನ್ನ ಅಂಗಡಿಯಲ್ಲೇ ಕೂತು ತನ್ನ ತ್ಯಾಗವನ್ನು ಟೀವಿಯಲ್ಲಿ ನೋಡಿದ. ಬೇರೆಯವನಾಗಿದ್ದರೆ ಅದು ನಾನಲ್ಲ ಎಂದು ಕೂಗಿಕೊಳ್ಳುತ್ತಿದ್ದ. ಇವನು ವ್ಯಾಪಾರಿ. ಮೆಲ್ಲಗೆ ಎದ್ದು ಹಿಂದಿನ ಗೋಡೌನಿಗೆ ಹೋಗಿ, ಚಪ್ಪಲಿ ಪೆಟ್ಟಿಗೆಗಳ ಹಿಂದೆ ಅಡಗಿ ಕೂತ. ಅಂಗಡಿಯ ಮುಂಭಾಗದಲ್ಲಿ ಅವನ ಹೆಂಡತಿ, ಅವರು ಸಮುದ್ರದ ಹತ್ತಿರ ಇದಾರೆ ಎಂದು ಕಣ್ಣೊರೆಸಿಕೊಳ್ಳುತ್ತ ಅಭಿಮಾನಿಗಳಿಗೆ ಚಪ್ಪಲಿ ಮಾರಿದಳು. ಈ ಮಾರಾಟದ ಸುದ್ದಿಯನ್ನೂ ಟೀವಿಯವನೇ ಮೈಕಿನಲ್ಲಿ ಹೇಳಿದ್ದರಿಂದ ಕತ್ತರಿಯವರಿಗೆ ಕೂಡಲೇ ತಲುಪಿತು. ಬಿಸಿಲು ತಮ್ಮ ನೆತ್ತಿಗೆ, ಹಿಕ್ಕೆ ತಮ್ಮ ಹೆಗಲಿಗೆ, ಕೀರ್ತಿ ಷಡ್ಡಕನಿಗೆ. ಅವರ ಹೊಟ್ಟೆ ಉರಿದ ಉರಿಗೆ ಕಾಲ ಬಳಿಯ ಮೊಟ್ಟೆಗಳು ಬೇಯದೆ ಉಳಿದದ್ದೇ ಆಶ್ಚರ್ಯ.

ಬಿಸಿಲು ಇಳಿಯುತ್ತಿದ್ದಾಗ ಮೊಟ್ಟೆ ವಿಭಾಗದ ಅಧಿಕಾರಿ ಓಡಿ ಬಂದರು. ಕುತ್ತಿಗೆಗೆ ಮಫ್ಲರು, ಮೈಮೇಲೆ ಇಸ್ತ್ರಿ ಮುರಿಯದ ಹೊಸ ಅಂಗಿ, ಸುತ್ತ ಸೆಂಟಿನ ಘಮ. ಭಾಮೈದನ ಹೊಸ ಅಂಗಡಿಯ ಉದ್ಘಾಟನೆಯಲ್ಲಿ ಕೂತು ಟೀವಿ ನೋಡಿ ಎದ್ದು ಬಂದವರು ಅವರು. ಬಂದದ್ದೇನೋ ಬಂದರು, ಆದರೆ ಮಾತಾಡುವುದು ಹೇಗೆ? ಪಕ್ಕದಲ್ಲೇ ದೊಡ್ಡ ಸಾಹೇಬರು. ಹಾಗಾಗಿ ಕೈಸನ್ನೆ ಶುರು ಮಾಡಿದರು. ಎರಡು ಕೈಯಲ್ಲಿ ಮೊಟ್ಟೆಯ ಆಕಾರ ತೋರಿಸಿದರು. ಹಗ್ಗದ ಕಂಬವನ್ನು ಬೆರಳಿನಿಂದ ಟಕ್ ಟಕ್ ಎಂದು ಕುಟ್ಟಿದರು. ತಲೆ ಅಲ್ಲಾಡಿಸಿ, ಬಾ ಬಾ ಎಂದು ಕತ್ತರಿಯವರನ್ನು ಕರೆದರು.

ಟೀವಿಯವನಿಗೆ ಕ್ಷಣದಲ್ಲಿ ಅರ್ಥವಾಯಿತು. ಮೊಟ್ಟೆಯೊಳಗಿಂದ ಮರಿಗಳು ಟಕ್ ಟಕ್ ಎಂದು ಕುಟ್ಟುತ್ತಿವೆ, ಹೊರಗೆ ಬಾ ಎಂದು ಅಧಿಕಾರಿಗಳು ಮರಿಗಳನ್ನೇ ಕರೆಯುತ್ತಿದ್ದಾರೆ! ಜನ ಚಪ್ಪಾಳೆ ತಟ್ಟಿದರು. ದೊಡ್ಡ ಸಾಹೇಬರು ಟೋಪಿ ತೆಗೆದು, ಹಾಗಾದರೆ ಎಲ್ಲ ಮರಿಯೂ ಮೊಟ್ಟೆ ಒಡೆದು ಬರುವವರೆಗೆ ಈ ಮಹಾನುಭಾವರನ್ನು ಅಲುಗಾಡಿಸುವಂತಿಲ್ಲ ಎಂದು ಘೋಷಿಸಿದರು. ಅಧಿಕಾರಿ ಇನ್ನೂ ಜೋರಾಗಿ ಕಂಬ ಕುಟ್ಟಿದರು. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಕೊನೆಗೆ ಅವರು ಸೋತು, ಕಲ್ಲುಬೆಂಚಿನ ಮೇಲೆ ಕುಸಿದು, ಪಕ್ಕದಲ್ಲಿ ಯಾರೋ ಇಟ್ಟಿದ್ದ ಹುರಿದ ಕಡಲೆಕಾಯಿಯ ಪೊಟ್ಟಣಕ್ಕೆ ಕೈಹಾಕಿ ಕಟುಮ್ ಕಟುಮ್ ಎಂದು ಅಗಿಯತೊಡಗಿದರು.

ಕತ್ತರಿಯವರು ನೋಡಿದರು. ಅಗಿಯುವುದನ್ನು ನೋಡಿದರು, ನುಂಗುವುದನ್ನು ನೋಡಿದರು. ನುಂಗುವಾಗ ಹುಬ್ಬು ಒಂದು ಕೂದಲಿನಷ್ಟೂ ಗಂಟಿಕ್ಕಲಿಲ್ಲ. ಹಾವಿನ ಹೆಜ್ಜೆ ಹಾವೇ ಬಲ್ಲದು. ಕೇಸು, ಕುರ್ಚಿ, ಷಡ್ಡಕ ಎಲ್ಲವೂ ಮರೆತುಹೋಗಿ, ಇಪ್ಪತ್ತು ವರ್ಷದ ಚಟವೊಂದೇ ಉಳಿಯಿತು. ಮಾತು ಸ್ಪಷ್ಟವಾಗಿ ಕೇಳಿಸಲೆಂದು ಅವರು ಕರ್ಚೀಫನ್ನು ಗಲ್ಲಕ್ಕೆ ಇಳಿಸಿದರು.

"ರೀ ಸಾಹೇಬ್ರೇ, ಆ ಮನುಷ್ಯನ ಗಂಟಲಿಗೆ ಏನೂ ಆಗಿಲ್ಲ! ಗಂಟಲುಬೇನೆ ಇರೋನು ಕಡಲೆಕಾಯಿ ಅಗೀತಾನಾ? ಅಂಗಿ ನೋಡಿ, ಸೆಂಟು ನೋಡಿ. ಇದು ಸುಳ್ಳು ರಜೆ! ನನಗೆ ಹೇಳ್ಕೊಡಬೇಡಿ, ನೀರು ಸರಬರಾಜು ಕಚೇರಿ ಹಾಜರಿ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಕೂತಿದ್ದೀನಿ ನಾನು. ಸುಳ್ಳು ರಜೆ ಹಾಕಿ ಅಲೆಯೋರನ್ನ ಮೈಲಿ ದೂರದಿಂದ ಹಿಡೀತೀನಿ!"

ಟೀವಿಯವನು ಮೈಕನ್ನು ಇನ್ನೂ ಹತ್ತಿರ ಚಾಚಿ, ತಾವು ಚಪ್ಪಲಿ ವ್ಯಾಪಾರಿ ಅಲ್ಲವೇ ಎಂದು ಕೇಳಿದ. ಕತ್ತರಿಯವರು ತಾವು ಹೇಳಿದ್ದನ್ನು ಆಗ ತಾವೇ ಕೇಳಿಸಿಕೊಂಡರು.

"ರೀ," ಎಂದರು ಹೆಂಡತಿ. ಅಷ್ಟು ಹೊತ್ತಿನಲ್ಲಿ ಅವರು ಭಾವ ಅನ್ನದೇ ಇದ್ದದ್ದು ಅದೇ ಮೊದಲು. "ಮುಗೀತಲ್ಲ. ಬನ್ನಿ ಮನೆಗೆ."

ಅಷ್ಟರಲ್ಲಿ ಮೊಟ್ಟೆ ವಿಭಾಗದ ಅಧಿಕಾರಿ ಎದ್ದು ನಿಂತಿದ್ದರು. ಮಾನ ಹೋದ ಮೇಲೆ ಗಂಟಲು ಕಾಪಾಡಿಕೊಂಡು ಮಾಡುವುದೇನು? ಕಡಲ ಮೊರೆತವೂ ಅಡಗುವ ಕಂಠದಲ್ಲಿ, "ಮರದ ಮೊಟ್ಟೆ ಕಣ್ರೀ ಅವು! ಹೊಸ ಹಕ್ಕಿಗಳು ಈ ಮೂಲೆಗೂ ಬರಲಿ ಅಂತ ನಾನೇ ಬಣ್ಣ ಬಳಿದು ಇಟ್ಟಿದ್ದು! ಆಗಿಂದ ಬಡ್ಕೊಳ್ತಿದೀನಿ, ಮರ ಅಂತ!" ಎಂದು ಕೂಗಿ, ಹಗ್ಗ ಹಾರಿ, ಮೊಟ್ಟೆಗಳನ್ನು ಒದೆಯುತ್ತ ಹೋಗಿ, ಒಂದನ್ನು ಎತ್ತಿ ಕತ್ತರಿಯವರ ಕೋಲಿಗೇ ಟಕ್ ಟಕ್ ಎಂದು ಕುಟ್ಟಿ ತೋರಿಸಿದರು. ಮರದ ಮೊಟ್ಟೆಗೆ ತಾವು ಸಹಿ ಹಾಕಿದ್ದು ದೊಡ್ಡ ಸಾಹೇಬರಿಗೆ ಆಗ ನೆನಪಾಯಿತು. ಅವು ಕಚೇರಿಯ ಗಾಜಿನ ಬೀರುವಿನಲ್ಲಿ ಅಂದಕ್ಕೆ ಇಡಲು ಎಂದುಕೊಂಡಿದ್ದರಂತೆ.

ಈಗ ಕತ್ತರಿಯವರು ಎಲ್ಲಿ ಬೇಕಾದರೂ ಕಾಲಿಡಬಹುದಾಗಿತ್ತು. ಇಡಲು ಹೋದರು. ಸೊಂಟದಲ್ಲಿ ಏನೋ ಚಳಕ್ ಎಂದಿತು. ಎತ್ತಿದ ಕೈ ಎತ್ತಿದ ಹಾಗೇ, ಬಾಗಿದ ಬೆನ್ನು ಬಾಗಿದ ಹಾಗೇ ನಿಂತುಬಿಟ್ಟಿತು. ಟಿಕೆಟು ಕೌಂಟರಿನ ಬೆಂಚು ತಂದು, ಅದರ ಮೇಲೆ ಅವರನ್ನು ಅಡ್ಡ ಮಲಗಿಸಿ ಹೊತ್ತು ತಂದರು. ಬಾಗಿಲು ದಾಟುವವರೆಗೂ ಕೆಂಪು ಬಟ್ಟೆಯ ಕೋಲು ಅವರ ಕೈಯಲ್ಲೇ ಇತ್ತು.

ಆ ದಿನದ ಟಿಕೆಟು ಮಾರಾಟ ಕಂಡ ದೊಡ್ಡ ಸಾಹೇಬರು ಮೊಟ್ಟೆ ಅಧಿಕಾರಿಯ ಗಂಟಲನ್ನು ಕ್ಷಮಿಸಿದರು. ಕತ್ತರಿಯವರ ಬೆನ್ನನ್ನು ಕ್ಷಮಿಸುವವರು ಯಾರೂ ಇರಲಿಲ್ಲ. ಮ್ಯಾನೇಜರ ಮನೆಯಲ್ಲೂ ಟೀವಿ ಇತ್ತು. ಮರುದಿನ ಬೆಳಿಗ್ಗೆ ಹೆಂಡತಿ ಕಚೇರಿಗೆ ಫೋನು ಮಾಡಿ, ನಿನ್ನೆಯದು ಬಿಡಿ, ಇವತ್ತು ನಿಜವಾಗಿಯೂ ಬೆನ್ನುನೋವು, ಏಳಲಾಗುತ್ತಿಲ್ಲ, ರಜೆ ಬೇಕು ಎಂದರು. ಆ ಕಡೆಯಿಂದ ಒಂದೇ ಉತ್ತರ ಬಂತು: ಖುದ್ದಾಗಿ ಬಂದು ಅರ್ಜಿ ಕೊಡಲಿ.

ನಿಯಮ ತಮ್ಮದೇ. ಕತ್ತರಿಯವರು ಹೋದರು. ಹೆಂಡತಿಯ ಹೆಗಲು ಹಿಡಿದು, ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ ಅಯ್ಯೋ ಎನ್ನುತ್ತ, ನೆಲವನ್ನೇ ನೋಡುತ್ತ ಹೋದರು. ದಾರಿಯುದ್ದಕ್ಕೂ ಅವರಿಗೆ ಕಂಡದ್ದು ಸಹೋದ್ಯೋಗಿಗಳ ಚಪ್ಪಲಿಗಳು ಮಾತ್ರ, ಅದರಲ್ಲಿ ಎರಡು ಜೊತೆ ಷಡ್ಡಕನ ಅಂಗಡಿಯವು, ಹೊಚ್ಚಹೊಸವು. ಹಾಜರಿ ವಿಭಾಗದ ಕಿಟಕಿಯ ಮುಂದೆ ಬಂದು, ಕಷ್ಟಪಟ್ಟು ಕತ್ತು ಮೇಲೆತ್ತಿದರು. ಅವರ ಕುರ್ಚಿಯಲ್ಲಿ ಟೈಪಿಸ್ಟಮ್ಮ ಕೂತಿದ್ದರು. ಸೂಪರಿಂಟೆಂಡೆಂಟರ ಕುರ್ಚಿಯ ಆದೇಶಕ್ಕೆ ಬೆಳಿಗ್ಗೆಯೇ ಸಹಿ ಬಿದ್ದು, ಕುರ್ಚಿ ಬೇರೆ ವಿಭಾಗದವರ ಪಾಲಾಗಿತ್ತು. ಇದನ್ನು ಅವರಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ, ಸಿಹಿ ಹಂಚಿದ ಖಾಲಿ ಡಬ್ಬಿ ಮೇಜಿನ ಮೇಲೇ ಇತ್ತು.

ಟೈಪಿಸ್ಟಮ್ಮ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

"ನೋವು ಅಂತೀರಿ," ಎಂದರು, "ಇಲ್ಲೀವರೆಗೆ ನಡ್ಕೊಂಡು ಬಂದಿರಲ್ಲ?"

ಕತ್ತರಿಯವರು ಬಾಯಿ ತೆರೆದರು. ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಎಷ್ಟೋ ಜನರಿಗೆ ಕೇಳಿದ್ದರು. ಅವರಲ್ಲಿ ಯಾರಾದರೊಬ್ಬರ ಹತ್ತಿರ ಇದಕ್ಕೆ ಸರಿಯಾದ ಉತ್ತರ ಇದ್ದೇ ಇರಬೇಕು. ಆದರೆ ಒಬ್ಬರನ್ನಾದರೂ ಮಾತು ಮುಗಿಸಲು ಬಿಟ್ಟಿದ್ದರೆ ತಾನೇ, ಆ ಉತ್ತರ ಏನೆಂದು ಈಗ ಗೊತ್ತಾಗುವುದು?

ಟೈಪಿಸ್ಟಮ್ಮ ಅವರ ಹಾಗಲ್ಲ. ಅರ್ಜಿಯನ್ನು ವಾಪಸು ತಳ್ಳಲಿಲ್ಲ. ಮೇಜಿನ ಮೇಲೆ ಕೈ ಕಟ್ಟಿ, ಉತ್ತರಕ್ಕೆ ಕಾಯುತ್ತ ಕೂತರು.